ಬಾಗಲಗುಂಟೆಗೊಂದು ಪಲೇಸ್ತ್ರಾ

ಗ್ರೀಕರ ಕುಸ್ತಿಶಾಲೆಗೆ ಪಲೇಸ್ತ್ರಾ ಎಂದು ಹೆಸರು. ರೋಮನ್ನರು ಹೆಸರನ್ನೂ ಕಟ್ಟಡವನ್ನೂ ಕೈಗಡ ತಂದರು, ಹಿಂದಿರುಗಿಸಲಿಲ್ಲ. ಕ್ರಿ.ಪೂ. 1ನೇ ಶತಮಾನದ ವಾಸ್ತುಶಿಲ್ಪಿ ವಿಟ್ರುವಿಯಸ್, ಇದು ನಮ್ಮ ಇಟಲಿಯ ಪದ್ಧತಿಯಲ್ಲ ಎಂದು ಒಪ್ಪಿಕೊಂಡೇ ಅದರ ಅಳತೆ ಬರೆದಿಟ್ಟ. ಬಾಗಲಗುಂಟೆಯಲ್ಲಿ ಅದನ್ನು ಕಟ್ಟಲು ಸಾಧ್ಯವೇ ಎಂದು ಪರಿಶೀಲಿಸುವ ಹೊರೆ ಸಹಜವಾಗಿಯೇ ನನ್ನ ಮೇಲೆ ಬಿತ್ತು.

ಕಂಬಸಾಲಿನ ಸುತ್ತಳತೆ ಎರಡು ಸ್ತಾದಿಯ, ಅಂದರೆ ಸುಮಾರು 1200 ಅಡಿ ಇರಬೇಕು. ಹೆಸರಘಟ್ಟ ರಸ್ತೆಯ ಬ್ರೋಕರ್ ಕೇಳಿ ಹಿಗ್ಗಿದರು. "1200 ತಾನೇ ಸಾರ್? ಥರ್ಟಿ ಫಾರ್ಟಿ ರೆಡಿ ಇದೆ." ಅವರದು ಚದರಡಿ, ವಿಟ್ರುವಿಯಸ್‌ನದು ಉದ್ದದ ಅಡಿ. ಚೌಕಾಕಾರದಲ್ಲಿ ಕಟ್ಟಿದರೆ ಅಂಥ 75 ಸೈಟು ಬೇಕು. ನಡುವಿನ ರಸ್ತೆ, ಮೋರಿ, ಮುನೇಶ್ವರನ ಗುಡಿ ಬೇರೆ. ಮಳೆಯ ಇರಚಲು ಒಳಗೆ ಬಾರದಂತೆ ದಕ್ಷಿಣಕ್ಕೆ ಮುಖಮಾಡಿದ ಪಡಸಾಲೆ ಜೋಡಿಯಾಗಿರಬೇಕು ಎಂದೆ. "ಸೌತ್ ಫೇಸಿಂಗಾ? ಹಾಗಾದ್ರೆ ರೇಟು ಇಳಿಸಿ ಮಾತಾಡೋಣ," ಎಂದರು. ಎರಡು ಸಾವಿರ ವರ್ಷದಲ್ಲಿ ವಿಟ್ರುವಿಯಸ್‌ಗೆ ಸಿಕ್ಕ ಮೊದಲ ರಿಯಾಯಿತಿ ಇದೇ ಇರಬೇಕು.

ಎಣ್ಣೆ ಹಚ್ಚಿಕೊಂಡ ಜಟ್ಟಿಗಳು ಮೈಗೆ ದೂಳು ಬಳಿದುಕೊಳ್ಳಲು ಗ್ರೀಕರಿಗೆ ಪ್ರತ್ಯೇಕ ಕೋಣೆ ಬೇಕಿತ್ತು. ಇಲ್ಲಿ ಗೇಟು ತೆರೆದಿಟ್ಟರೆ ಸಾಕು. ತಣ್ಣೀರಿನ ಕೋಣೆ ಟ್ಯಾಂಕರ್ ಬಂದ ದಿನ ಕೆಲಸ ಮಾಡುತ್ತದೆ. ತತ್ವಜ್ಞಾನಿಗಳಿಗೆ ಆಸನ ಹಾಕಬೇಕೆಂಬ ನಿಯಮವೂ ಇದೆ. ಪ್ಲೇಟೋನ 'ಲೈಸಿಸ್' ಸಂವಾದ ನಡೆಯುವುದೇ ಹೊಸದಾಗಿ ಕಟ್ಟಿದ ಪಲೇಸ್ತ್ರಾದಲ್ಲಿ: ಸಾಕ್ರಟೀಸ್ ಹುಡುಗರನ್ನು ಕೂರಿಸಿಕೊಂಡು ಸ್ನೇಹವೆಂದರೇನು ಎಂದು ವಿಚಾರಿಸುತ್ತಾನೆ, ಉತ್ತರ ಸಿಗದೆ ಎಲ್ಲರೂ ಮನೆಗೆ ಹೋಗುತ್ತಾರೆ. ಈ ವಿಭಾಗ ನಮ್ಮ ಬೇಕರಿ ಮುಂದಿನ ಕಟ್ಟೆಯ ಮೇಲೆ, ಬೈಟೂ ಕಾಫಿಯ ಖರ್ಚಿನಲ್ಲಿ, ಈಗಾಗಲೇ ಕಾರ್ಯನಿರತವಾಗಿದೆ.

ಮೈಸೂರಿನ ಗರಡಿಮನೆ ಇದ್ದೇ ಇದೆಯಲ್ಲ ಎಂದು ಕೆಲವರು ಆಕ್ಷೇಪಿಸಿದರು. ಹೋಗಿ ನೋಡಿದೆ. ಮಾನದಂಡಕ್ಕೆ ಹೊಂದುವುದಿಲ್ಲ. ಒಂದೇ ಕೋಣೆ, ಆಂಜನೇಯ, ಗದೆ, ಕೆಮ್ಮಣ್ಣಿನ ಅಖಾಡ. ಬಾಗಿಲು ಎಷ್ಟು ಗಿಡ್ಡವೆಂದರೆ ತಲೆ ತಗ್ಗಿಸದೆ ಒಳಹೋಗುವಂತಿಲ್ಲ. ತತ್ವಜ್ಞಾನಿಗಳಿಗೆ ಇದು ಅನುಕೂಲವಲ್ಲ. ಗ್ರೀಕರು ಎಣ್ಣೆಯನ್ನು ಮೈಗೆ ಹಚ್ಚಿದರೆ ಇವರು ಎಣ್ಣೆ, ತುಪ್ಪ, ಮಜ್ಜಿಗೆ, ಅರಿಸಿನವನ್ನು ಮಣ್ಣಿಗೆ ಉಣ್ಣಿಸುತ್ತಾರೆ. ಪೈಲ್ವಾನರಿಗೆ ಉಳಿಯುವುದು ದಂಡ, ಬಸ್ಕಿ ಮತ್ತು ಉಸ್ತಾದರ ಬೈಗುಳ. ಇಷ್ಟರಲ್ಲೇ ದಸರಾ ಕುಸ್ತಿಗೆ ಆಳುಗಳು ತಯಾರಾಗುತ್ತಿರುವುದು ಅಕ್ರಮವೆಂದೇ ದಾಖಲಿಸಿದ್ದೇನೆ.

75 ಸೈಟು ಕೈಸೇರುವವರೆಗೆ, ಮೆಡಿಕಲ್ ಶಾಪಿನ ಮೇಲಿನ ಎರಡನೇ ಮಹಡಿಯ ಜಿಮ್ಮನ್ನು ತಾತ್ಕಾಲಿಕ ಪಲೇಸ್ತ್ರಾ ಎಂದು ಶಿಫಾರಸು ಮಾಡುತ್ತೇನೆ. ಇರುವುದು ಎರಡೇ ಕಂಬ. ಆದರೆ ನಾಲ್ಕೂ ಗೋಡೆಗೆ ಕನ್ನಡಿ ಹಾಕಿದ್ದಾರೆ. ಅದರೊಳಗಿನ ಕಂಬಸಾಲು ಎರಡು ಸ್ತಾದಿಯವನ್ನು ಆರಾಮಾಗಿ ದಾಟುತ್ತದೆ.