ಕಾಲು ಎಂಬ ವಾಹನ: ಸಪ್ಪೊರೊ ಚಳಿಗಾಲದ ಬಳಕೆ ಕೈಪಿಡಿ

ಚಳಿಗಾಲದ ಸಪ್ಪೊರೊ ನಗರವನ್ನು ಆಯ್ದುಕೊಂಡದ್ದಕ್ಕೆ ಧನ್ಯವಾದಗಳು. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಮಿಕ್ಸಿಯ ಜೊತೆ ಬಂದದ್ದನ್ನು ಬಿಡಿಸಿಯೂ ನೋಡದೆ ಡ್ರಾಯರಿಗೆ ತುರುಕಿದ್ದು ನಮಗೆ ಗೊತ್ತಿದೆ. ಅಲ್ಲಿ ತಪ್ಪಿದರೆ ಚಟ್ನಿ ತಪ್ಪೀತು, ಇಲ್ಲಿ ಸೊಂಟ ಹೋದೀತು.

ಉತ್ಪನ್ನದ ವಿವರ

ಜಪಾನಿನ ಉತ್ತರದ ಹೊಕ್ಕೈದೊ ದ್ವೀಪದ ರಾಜಧಾನಿ. ಜನಸಂಖ್ಯೆ 19 ಲಕ್ಷದ ಮೇಲೆ. ಒಂದು ಚಳಿಗಾಲದಲ್ಲಿ ಬೀಳುವ ಹಿಮವನ್ನು ದಿನದಿನವೂ ಅಳೆದು ಕೂಡಿದರೆ ಹೆಚ್ಚುಕಡಿಮೆ 5 ಮೀಟರ್. ಊರು ಇದಕ್ಕೆಲ್ಲ ಜಗ್ಗಿಲ್ಲ. ರೈಲನ್ನು ನೆಲದಡಿಗೆ ಇಳಿಸಿದೆ, ಟ್ರಾಮಿಗೆ ಪೊರಕೆ ಕಟ್ಟಿದೆ, ಟೋಕಿಯೊದಲ್ಲಿ ಅಡ್ಡಡ್ಡ ಇರುವ ಸಿಗ್ನಲ್ ದೀಪಗಳನ್ನು ಮೇಲೆ ಹಿಮ ಪೇರದಂತೆ ಉದ್ದುದ್ದ ನಿಲ್ಲಿಸಿದೆ. ಎಲ್ಲಕ್ಕೂ ಉಪಾಯ ಕಂಡುಕೊಂಡ ಊರು ಒಂದರ ಹೊಣೆ ಮಾತ್ರ ಹೊರುವುದಿಲ್ಲ: ನಿಲ್ದಾಣದ ಮೆಟ್ಟಿಲಿಂದ ಹೋಟೆಲ್ಲಿನ ಬಾಗಿಲವರೆಗಿನ ನಿಮ್ಮ ನಡಿಗೆ. ಕೈಪಿಡಿಯ ಮುಖ್ಯ ಭಾಗ ಅದರ ಬಗ್ಗೆಯೇ. ಮೊದಲು ಸುಲಭದ್ದನ್ನು ಮುಗಿಸೋಣ.

ಜೋಡಣೆ

ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ನೇರ ವಿಮಾನ ಉಂಟು. ಸಪ್ಪೊರೊದ ವಿಮಾನಗಳು ನರಿತಾದಿಂದಲೂ ಹೊರಡುತ್ತವೆ, ಹನೇದಾದಿಂದ ಇನ್ನೂ ಹೆಚ್ಚು. ಇವೆರಡೂ ಟೋಕಿಯೊದ ಬೇರೆ ಬೇರೆ ದಿಕ್ಕುಗಳಲ್ಲಿವೆ, ಆದ್ದರಿಂದ ಟಿಕೆಟ್ ಮೇಲಿನ ಹೆಸರನ್ನು ಕನ್ನಡಕ ಹಾಕಿಕೊಂಡು ಓದಿ. ಬುಲೆಟ್ ರೈಲೇ ಬೇಕು ಎಂದು ಹಟ ಹಿಡಿದವರಿಗೆ: 2016ರಿಂದ ಅದು 53.85 ಕಿ.ಮೀ. ಉದ್ದದ ಸೈಕನ್ ಸುರಂಗದಲ್ಲಿ ಸಮುದ್ರದಡಿ ನುಸುಳಿ ಹೊಕ್ಕೈದೊ ಮುಟ್ಟುತ್ತದೆ. ಮುಟ್ಟಿ ಹಕೊದಾತೆ ಎಂಬ ಊರಿನ ಹತ್ತಿರ ನಿಂತುಬಿಡುತ್ತದೆ. ಸಪ್ಪೊರೊಗೆ ಅಲ್ಲಿಂದ ಇನ್ನೊಂದು ರೈಲಿನಲ್ಲಿ ಮೂರೂವರೆ ಗಂಟೆ. ಟೋಕಿಯೊದಿಂದ ಇಡೀ ಹಗಲು ಹೋಯಿತು ಅಂದುಕೊಳ್ಳಿ. ವಿಮಾನಕ್ಕೆ ಒಂದೂವರೆ ಗಂಟೆ ಸಾಕು.

ಇಳಿಯುವುದು ಷಿನ್-ಚಿತೊಸೆ ವಿಮಾನ ನಿಲ್ದಾಣದಲ್ಲಿ. ಊರೊಳಕ್ಕೆ ರೈಲು, ನಲವತ್ತು ನಿಮಿಷದೊಳಗೆ. ದೊಡ್ಡ ಪೆಟ್ಟಿಗೆಯನ್ನು ವಿಮಾನ ನಿಲ್ದಾಣದ ಕೊರಿಯರ್ ಕೌಂಟರಿನಲ್ಲೇ ಕೊಟ್ಟು ಹೋಟೆಲ್ಲಿಗೆ ಕಳಿಸಿಬಿಡಿ. ಸೂಟ್‌ಕೇಸಿನ ಗಾಲಿ ಹಿಮದಲ್ಲಿ ಉರುಳುವುದಿಲ್ಲ, ಉಳುತ್ತದೆ.

ಕಾರ್ಡಿನ ವಿಷಯ. ಸಪಿಕಾ ಎಂಬ ಕಾರ್ಡು ಸಬ್‌ವೇ, ಟ್ರಾಮು, ಬಸ್ಸಿಗೆ ಆಗುತ್ತದೆ, ಜೆಆರ್ ಕಂಪನಿಯ ರೈಲಿಗೆ ಆಗುವುದಿಲ್ಲ. ಕಿತಾಕಾ ಎರಡು ಕಡೆಗೂ ಆಗುತ್ತದೆ. ಇದಕ್ಕೆ ಕಾರಣ ಕೇಳುತ್ತ ಕೂರಬೇಡಿ, ಕಿತಾಕಾ ತೆಗೆದುಕೊಳ್ಳಿ.

ಯಂತ್ರಗಳು

ಸಬ್‌ವೇಗೆ ಮೂರು ಮಾರ್ಗ. ಮೊದಲನೆಯದು ಓಡಿದ್ದು 1971ರ ಡಿಸೆಂಬರಿನಲ್ಲಿ, ಮರುವರ್ಷ ಇಲ್ಲೇ ನಡೆದ ಚಳಿಗಾಲದ ಒಲಿಂಪಿಕ್ಸ್‌ಗೆ ಮುಂಚೆ. ರಬ್ಬರ್ ಚಕ್ರ, ಆದ್ದರಿಂದ ಕಟಕಟ ಸದ್ದಿಲ್ಲ. ಆ ಮೊದಲ ಮಾರ್ಗದ ದಕ್ಷಿಣದ ತುದಿಯಲ್ಲಿ ಹಳಿ ನೆಲದಿಂದ ಮೇಲೇರುತ್ತದೆ, ಅಲ್ಲಿಯೂ ಹಿಮ ತಾಗದಂತೆ ಉದ್ದಕ್ಕೂ ಅಲ್ಯೂಮಿನಿಯಂ ಹೊದಿಸಿದ್ದಾರೆ. ಇನ್ನು ಚಿಕಾಹೊ ಎಂಬ ನೆಲದಡಿಯ ಕಾಲುದಾರಿ, 2011ರಲ್ಲಿ ತೆರೆದದ್ದು. ಸಪ್ಪೊರೊ ನಿಲ್ದಾಣದಿಂದ ಒದೋರಿ, ಅಲ್ಲಿಂದ ಅಂಗಡಿ ಸಾಲಿನ ನಡುವೆ ಸುಸುಕಿನೊವರೆಗೂ ತಲೆ ಹೊರಗೆ ಹಾಕದೆ ನಡೆಯಬಹುದು. ಹಿಮ ನೋಡಲೆಂದು ಲಕ್ಷ ಖರ್ಚು ಮಾಡಿ ಬಂದು, ಹಿಮವನ್ನೇ ಕಾಣದೆ ಊರಿಗೆ ಮರಳುವ ಸೌಲಭ್ಯ ಇದು.

ಟ್ರಾಮನ್ನು ಬೆಳಗಿನ ಜಾವ ನೋಡಬೇಕು. ಹಿಮ ಬಿದ್ದ ರಾತ್ರಿ, ಮೊದಲ ಟ್ರಾಮು ಹೊರಡುವ ಮುನ್ನ, ಕತ್ತಲಲ್ಲೇ ಸಸಾರಾ ಗಾಡಿ ಬರುತ್ತದೆ. ಬಿದಿರನ್ನು ಸಣ್ಣ ಸಣ್ಣ ಕಡ್ಡಿಯಾಗಿ ಸೀಳಿ, ಕಟ್ಟು ಕಟ್ಟಾಗಿ ಬಿಗಿದು, ಗಾಡಿಯ ಮುಂದೆ ಒಂದು ಉರುಳೆಗೆ ಜೋಡಿಸಿರುತ್ತಾರೆ. ಅದು ಗಿರಗಿರ ತಿರುಗುತ್ತ ಹಳಿಯ ಮೇಲಿನ ಹಿಮವನ್ನು ಬದಿಗೆ ಚಿಮ್ಮಿಸಿಕೊಂಡು ಹೋಗುತ್ತದೆ. ಸುಮಾರು ನೂರು ವರ್ಷದಿಂದ ಇದೇ ಬಿದಿರು, ಇದೇ ಕೆಲಸ. ಬುಲೆಟ್ ರೈಲಿನ ದೇಶ ಕಡ್ಡಿ ಪೊರಕೆಯನ್ನು ಬಿಟ್ಟುಕೊಟ್ಟಿಲ್ಲ ಎಂಬುದೇ ನನಗೆ ಈ ಊರಿನ ಮೇಲೆ ಗೌರವ ಹುಟ್ಟಿಸುವ ಸಂಗತಿ.

ಬಾಡಿಗೆ ಕಾರು: ಅವರದೂ ನಮ್ಮ ಹಾಗೆ ಎಡಬದಿಯ ಸಂಚಾರ, ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಓಡಿಸಬಹುದು. ಓಡಿಸಬೇಡಿ. ಊರಾಚೆಯ ಹೆದ್ದಾರಿಗಳಲ್ಲಿ ಕೆಂಪು ಬಿಳಿ ಪಟ್ಟೆಯ ಬಾಣಗಳು ಕಂಬದಿಂದ ಕೆಳಮುಖವಾಗಿ ತೂಗುತ್ತಿರುತ್ತವೆ. ರಸ್ತೆ ಹಿಮದಲ್ಲಿ ಹೂತಾಗ ಅದರ ಅಂಚು ಇಲ್ಲಿಗೆ ಮುಗಿಯಿತು ಎಂದು ತೋರಿಸಲು. ರಸ್ತೆ ಎಲ್ಲಿದೆ ಎಂದು ಆಕಾಶ ನೋಡಿ ತಿಳಿಯಬೇಕಾದ ನಾಡಿನಲ್ಲಿ ಸ್ಟಿಯರಿಂಗ್ ಇನ್ನೊಬ್ಬರ ಕೈಯಲ್ಲಿರಲಿ. ಟ್ಯಾಕ್ಸಿಯ ಹಿಂಬಾಗಿಲನ್ನು ಚಾಲಕರೇ ಕೂತಲ್ಲಿಂದ ತೆರೆದು ಮುಚ್ಚುತ್ತಾರೆ, ಎಳೆದಾಡಬೇಡಿ. ಹತ್ತಿರದ ಒತಾರು ಊರಿಗೆ ರೈಲಿನಲ್ಲಿ ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ, ಸಮುದ್ರ ಅತ್ತ.

ಮುಖ್ಯ ಭಾಗ: ಕಾಲು

ಹಿಂದೆ ಇಲ್ಲಿನ ಕಾರುಗಳಿಗೆ ಮೊಳೆ ಹೊಡೆದ ಟೈರು ಇರುತ್ತಿತ್ತು. ಅದು ಡಾಂಬರನ್ನು ಅರೆದು ಊರೆಲ್ಲ ಧೂಳು ಮಾಡಿತೆಂದು 1990ರಲ್ಲಿ ಕಾನೂನು ಮಾಡಿ ತಡೆದರು. ಗಾಳಿ ಶುದ್ಧವಾಯಿತು, ರಸ್ತೆ ಕನ್ನಡಿಯಾಯಿತು. ಮೊಳೆಯಿಲ್ಲದ ಟೈರುಗಳು ಸಿಗ್ನಲಿನಲ್ಲಿ ನಿಂತು ಹೊರಡುವಾಗಲೆಲ್ಲ ಗಟ್ಟಿಗೊಂಡ ಹಿಮವನ್ನು ತಿಕ್ಕಿ ತಿಕ್ಕಿ ಪಾಲಿಶ್ ಮಾಡುತ್ತವೆ. ಅಂದರೆ ಅತಿ ಜಾರುವ ಜಾಗ ಯಾವುದು? ನೀವು ದಾಟಬೇಕಾದ ಜಾಗವೇ. ಬಸ್ ನಿಲ್ದಾಣ, ಟ್ಯಾಕ್ಸಿ ನಿಲ್ಲುವೆಡೆ, ಜೀಬ್ರಾದ ಬಿಳಿ ಪಟ್ಟೆ, ಇವೂ ಅದೇ ಜಾತಿ.

ಚಾಲನಾ ವಿಧಾನ: ಹೆಜ್ಜೆ ಚಿಕ್ಕದಿರಲಿ. ಪಾದ ಪೂರ್ತಿ ಊರಿ, ಹಿಮ್ಮಡಿ ಮೊದಲು ಬೇಡ. ಭಾರ ತುಸು ಮುಂದಕ್ಕೆ. ಕೈ ಜೇಬಿನಿಂದ ಹೊರಗೆ. ಊರಿನವರು ಇದನ್ನು ಪೆಂಗ್ವಿನ್ ನಡಿಗೆ ಎನ್ನುತ್ತಾರೆ. ಮರ್ಯಾದೆ ಹೋಯಿತೆಂದು ಕೊರಗಬೇಡಿ, ಪಕ್ಕದಲ್ಲಿ ಕೋಟು ತೊಟ್ಟ ಬ್ಯಾಂಕಿನವರೂ ಹಾಗೆಯೇ ಹೋಗುತ್ತಿರುತ್ತಾರೆ. ಹಸಿರು ದೀಪಕ್ಕೆ ಓಡಬೇಡಿ. ಮೆಜೆಸ್ಟಿಕ್ಕಿನಲ್ಲಿ ಚಲಿಸುವ ಬಸ್ಸಿನ ಫುಟ್‌ಬೋರ್ಡ್ ಹತ್ತಿದ ಅನುಭವ ಇಲ್ಲಿ ಅರ್ಹತೆ ಅಲ್ಲ, ರೋಗ.

ಹಲವು ಮೂಲೆಗಳಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ಕಸದ ಡಬ್ಬಿಯೆಂದು ಹಾದುಹೋಗಬೇಡಿ. ಒಳಗೆ ಒರಟು ಮರಳು. ದಾಟುವವರು ಯಾರು ಬೇಕಾದರೂ ತೆಗೆದು ಮುಂದೆ ಎರಚಿಕೊಂಡು ಅದರ ಮೇಲೆ ಕಾಲಿಡಬಹುದು. ನಿಮ್ಮ ಹಿಂದೆ ಬರುವವರಿಗೂ ಉಪಕಾರ.

ಕೆಲವು ಅಂಗಡಿಗಳ ಮುಂದಿನ ಪಾದಚಾರಿ ದಾರಿಗೆ ನೆಲದಡಿಯಿಂದ ಬಿಸಿ ಕೊಡುತ್ತಾರೆ, ಅಲ್ಲಿ ಒಣ ನೆಲ. ಸಮಾಧಾನದಿಂದ ಕಾಲು ಬೀಸಬೇಡಿ. ಬಿಸಿ ಮುಗಿಯುವ ಗೆರೆಯಲ್ಲಿ ಮಂಜುಗಡ್ಡೆ ಕಾದಿರುತ್ತದೆ. ಶೂಗೆ ಕಟ್ಟುವ ಮುಳ್ಳುಪಟ್ಟಿ ಊರಿನ ಅಂಗಡಿಗಳಲ್ಲೇ ಸಿಗುತ್ತದೆ. ಟೈಲ್ಸ್ ನೆಲದಲ್ಲಿ ಅದೇ ಜಾರಿಸುತ್ತದೆ, ಒಳಗೆ ಹೋಗುವಾಗ ಬಿಚ್ಚಿ.

ಮೇಲಿನ ಎಲ್ಲಕ್ಕೂ ಕೆಳಗೆ ನೋಡಿ ನಡೆಯಬೇಕು. ಮಾಡಿನಿಂದ ಹಿಮದ ಹೆಂಟೆಗಳೂ ಮಂಜಿನ ಕೋಲುಗಳೂ ಬೀಳುತ್ತವಾದ್ದರಿಂದ ಮೇಲೂ ನೋಡಿ ನಡೆಯಬೇಕು. ಎರಡನ್ನೂ ಏಕಕಾಲಕ್ಕೆ ಮಾಡಿ.

ಕೊಡೆ ಬೇಕಿಲ್ಲ. ಒಣ ಹಿಮ ಕೊಡವಿದರೆ ಉದುರುತ್ತದೆ; ಅಂಗಡಿಯ ಬಾಗಿಲ ಹೊರಗೆ ಕೊಡವಿ ಒಳಗೆ ಹೋಗಿ. ಒಳಗೆ ಹೀಟರು ಧಗಧಗ. ಆರು ಪದರ ಉಟ್ಟು ಬಂದವರು ಬೆವರುತ್ತ ಬಿಲ್ಲು ಕೊಡುವ ದೃಶ್ಯ ಸಾಮಾನ್ಯ. ಬಿಚ್ಚಲು ಸುಲಭವಾದದ್ದನ್ನೇ ಹಾಕಿಕೊಳ್ಳಿ.

ದೋಷ ನಿವಾರಣೆ

ಬಸ್ಸು ಬರಲಿಲ್ಲ: ಬರುತ್ತದೆ, ತಡವಾಗಿ. ನೆಲದಡಿಗೆ ಇಳಿಯಿರಿ.

ಬಿದ್ದಿರಿ: ಯಾರೂ ನಗುವುದಿಲ್ಲ. ಎದ್ದು ಹಿಮ ಕೊಡವಿಕೊಳ್ಳಿ.

ಹಿಮಗಾಳಿಗೆ ವಿಮಾನ ರದ್ದಾಯಿತು: ಇದು ಆಗುವಂಥದ್ದೇ, ಮರಳುವಾಗ ಟೋಕಿಯೊದಲ್ಲಿ ಒಂದು ದಿನ ಕೈಯಲ್ಲಿಟ್ಟುಕೊಳ್ಳಿ. ಷಿನ್-ಚಿತೊಸೆ ವಿಮಾನ ನಿಲ್ದಾಣದೊಳಗೆ ಸಿನಿಮಾ ಮಂದಿರವಿದೆ, ಬಿಸಿನೀರಿನ ಸ್ನಾನದ ಮನೆಯೂ ಇದೆ. ಹತ್ತು ಜನರೊಡನೆ ಒಂದೇ ಕೊಳಕ್ಕೆ, ಮೈಮೇಲೆ ನೂಲೆಳೆಯೂ ಇಲ್ಲದೆ ಇಳಿಯಬೇಕು. ಅದರ ಕೈಪಿಡಿ ಬೇರೆ.