ಟ್ರೇಲರ್ ಆರೋಹಣ ಮೀಮಾಂಸೆ

ಅರವತ್ನಾಲ್ಕು ವಿದ್ಯೆಗಳ ಪಟ್ಟಿ ಒಂದೊಂದು ಗ್ರಂಥದಲ್ಲಿ ಒಂದೊಂದು ಬಗೆ. ಕೆಲವುಗಳಲ್ಲಿ ಗಜಾರೋಹಣವಿದೆ, ಅಶ್ವಾರೋಹಣವೂ ಇದೆ. ಕಬ್ಬಿನ ಟ್ರೇಲರ್ ಏರುವ ವಿದ್ಯೆ ಮಾತ್ರ ಯಾವ ಪಟ್ಟಿಯಲ್ಲೂ ಸಿಕ್ಕದು. ಇದಕ್ಕೆ ಪ್ರಾಚೀನರನ್ನು ದೂರುವಂತಿಲ್ಲ, ಅವರ ಕಾಲಕ್ಕೆ ಟ್ರೇಲರ್ ಇರಲಿಲ್ಲ. ದೂರಬೇಕಾದವರು ಅರ್ವಾಚೀನರು: ಟ್ರೇಲರ್ ಮಾಡಿದರು, ಹತ್ತುವವರನ್ನು ಮರೆತರು. ಆದ್ದರಿಂದ ಈ ಪ್ರಬಂಧ. ಇದರ ವಿಷಯ, ನೆಲಕ್ಕೂ ಟ್ರೇಲರಿನ ತಳಕ್ಕೂ ನಡುವಿನ ಶೂನ್ಯ. ಇದನ್ನು ಓದಲು ಅಧಿಕಾರಿ, ಮೊಣಕಾಲು ನೋಯುವ ಯಾರಾದರೂ. ಪ್ರಯೋಜನ, ಬೀಳದಿರುವುದು. ಇನ್ನು ಸಂಬಂಧ: ಆ ಶೂನ್ಯದಲ್ಲಿ ನೇತಾಡುವ ಕಾಲಿಗೂ ಗಾಡಿಯ ಮಾಲೀಕನಿಗೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಮುಂದೆ ಸಾಧಿಸಲಾಗುವುದು.

ಅಧ್ಯಯನದ ಕ್ಷೇತ್ರ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳು. ಕಾಲ, ಕಾರ್ಖಾನೆಯ ಚಿಮಣಿ ಹೊಗೆ ಬಿಡತೊಡಗಿದಂದಿನಿಂದ ಕೊನೆಯ ಕಬ್ಬಿನ ಹೊಲ ಬೋಳಾಗುವವರೆಗೆ. ಈ ಅವಧಿಯಲ್ಲಿ ಸಮೀರವಾಡಿ, ಸಿದ್ದಾಪುರ, ಹಿರೇಪಡಸಲಗಿ, ಬಾಡಗಂಡಿಯ ಕಡೆಗೆ ಒಂದರ ಹಿಂದೆ ಎರಡು ಟ್ರೇಲರ್ ಕಟ್ಟಿಕೊಂಡು ಸಾಲುಗಟ್ಟುವ ಟ್ರ್ಯಾಕ್ಟರುಗಳೇ ನಮ್ಮ ಮೂಲ ಹಸ್ತಪ್ರತಿಗಳು.

ಇಂಥ ಶಾಸ್ತ್ರ ಹುಟ್ಟಲು ಇದಕ್ಕಿಂತ ಯೋಗ್ಯವಾದ ನೆಲ ಇನ್ನೊಂದಿಲ್ಲ. ಮುಧೋಳ ರನ್ನನ ಊರು. ದುರ್ಯೋಧನನ ತೊಡೆ ಮುರಿಯುವ ಪ್ರಸಂಗಕ್ಕಾಗಿ ಒಂದು ಇಡೀ ಕಾವ್ಯವನ್ನೇ ಕಟ್ಟಿದ ಕವಿ ಹತ್ತನೆಯ ಶತಮಾನದಲ್ಲೇ ಇಲ್ಲಿದ್ದ ಮೇಲೆ, ಸೊಂಟದ ಕೆಳಗಿನ ಆಪತ್ತುಗಳ ಬಗ್ಗೆ ಈ ಭಾಗದವರಿಗೆ ತಿಳಿವಳಿಕೆ ಸಾಲದೆಂದು ಹೇಳಲಾಗದು. ಅದೇ ಮುಧೋಳದ ನಾಯಿ ಭುಜದವರೆಗೆ ಸುಮಾರು 70 ಸೆಂಟಿಮೀಟರ್ ಎತ್ತರವಿದ್ದು, ಟ್ರೇಲರಿಗೆ ಒಂದೇ ನೆಗೆತಕ್ಕೆ ಹಾರಬಲ್ಲದು. 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿ ಬಂತು. ನಾಯಿಯನ್ನು ಸಾಕಿದವರು ಅದೇ ಟ್ರೇಲರಿನ ಕೆಳಗೆ ನಿಂತು ಎರಡೂ ಕೈ ಮೇಲೆತ್ತಿ ಕೂಗುತ್ತಾರೆ. ಅವರ ಚಿತ್ರ ಇನ್ನೂ ಬಂದಿಲ್ಲ.

ಬನಹಟ್ಟಿ, ರಬಕವಿಯ ಕುಣಿಮಗ್ಗ ಈ ಟ್ರೇಲರಿಗೆ ಪ್ರತಿದೃಷ್ಟಾಂತ. ನೇಕಾರನ ಕಾಲು ಎಲ್ಲಿಯವರೆಗೆ ಇಳಿಯಬೇಕೋ ಕುಣಿ ಅಲ್ಲಿಯವರೆಗೆ. ಕಾಲಿನ ಅಳತೆ ಮೊದಲು, ಯಂತ್ರ ಆಮೇಲೆ. ಆದರೆ ಅದೇ ಮಗ್ಗದಲ್ಲಿ ನೇಯ್ದ ಸೀರೆಯನ್ನು ನೆರಿಗೆ ಬಿಟ್ಟು ಉಟ್ಟವಳು ಟ್ರೇಲರಿನ ಬುಡಕ್ಕೆ ಬಂದಾಗ ಶಾಸ್ತ್ರ ತಲೆಕೆಳಗಾಗುತ್ತದೆ. ಕಾಲು ಎಷ್ಟು ಏಳಬೇಕೆಂಬುದನ್ನು ಕಬ್ಬಿಣ ಹೇಳುತ್ತದೆ, ಎಷ್ಟು ಏಳಬಹುದೆಂಬುದನ್ನು ಸೀರೆ ಹೇಳುತ್ತದೆ. ಇವೆರಡರ ನಡುವೆ ಸಮನ್ವಯ ಸಾಧಿಸಿದವಳು ಕಚ್ಚೆ ಹಾಕಿ ಉಡುವ ಮುದುಕಿ ಒಬ್ಬಳೇ. ಈ ವಿಷಯದಲ್ಲಿ ಹಳೆಯ ಉಡುಗೆ ಹೊಸದಕ್ಕಿಂತ ಮುಂದುವರಿದದ್ದೆಂದು ನಮ್ಮ ಅಭಿಪ್ರಾಯ.

ಬೀಳಗಿಯವರಿಗಂತೂ ಎತ್ತರವೆಂಬುದು ದಿನದ ಚಿಂತೆ. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಆ ದಶಮಾಂಶ ಬಿಂದುವಿನ ಆಚೆಗಿನ ಮೂರು ಅಂಕಿಗಳನ್ನು ನೋಡಿ. ಮಿಲಿಮೀಟರಿನವರೆಗೆ ಲೆಕ್ಕ! ಅದರ ಹಿನ್ನೀರಿನಲ್ಲಿ ಮುಳುಗುವ ಊರಿನವರು ಸಾಮಾನು ಕಟ್ಟಿ ಯಾವ ಟ್ರೇಲರ್ ಹತ್ತಬೇಕೋ ಅದರ ಎತ್ತರವನ್ನು ಯಾವ ಮಂಡಳಿಯೂ ಅಳೆದಿಲ್ಲ. ನಾವೇ ಹಳೆಯ ಮಾನದಂಡದಿಂದ ಅಳೆದು ಹೇಳುವುದಾದರೆ, ಸಣ್ಣ ಗಾಲಿಯದು ಸೊಂಟದ ಮಟ್ಟ, ದೊಡ್ಡ ಗಾಲಿಯದು ಎದೆಮಟ್ಟ, ಲಾರಿಯದು ಕುತ್ತಿಗೆಗೆ ಬಂದದ್ದು.

ಈಗ ಇತಿಹಾಸ. ಚಕ್ಕಡಿಯ ಯುಗದಲ್ಲಿ ಈ ಸಮಸ್ಯೆ ಇರಲಿಲ್ಲ. ಎತ್ತು ಬಿಚ್ಚಿದರೆ ಮೂಕಿ ನೆಲಕ್ಕೆ ತಾಗುತ್ತಿತ್ತು, ಗಾಡಿಯೇ ಬಾಗಿ ಮನುಷ್ಯನನ್ನು ಕರೆಯುತ್ತಿತ್ತು. ಆನೆ ಕೂರುತ್ತದೆ, ಒಂಟೆ ಮಂಡಿಯೂರುತ್ತದೆ, ಕುದುರೆ ಎರಡನ್ನೂ ಮಾಡದಿದ್ದರೂ ಅದಕ್ಕೆ ರಿಕಾಪು ಇದೆ. ನಗರದ ಕೆಲವು ತಗ್ಗು ಬಸ್ಸುಗಳು ಗಾಳಿ ಬಿಟ್ಟು ಬಾಗಿಲ ಬದಿಗೆ ಕುಗ್ಗುವುದೂ ಉಂಟು. ನಮ್ಮ ಹಳ್ಳಿಯ ಬಸ್ಸಿಗೆ ಆ ಸಂಸ್ಕಾರ ಇನ್ನೂ ಆಗಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳ ಟಿಕೆಟ್ಟಿನ ದರ ಸೊನ್ನೆಗೆ ಇಳಿಯಿತು. ಮೆಟ್ಟಿಲು ಇದ್ದಲ್ಲೇ ಇದೆ.

ಟ್ರೇಲರ್ ಏರುವ ವಿಧಾನದಲ್ಲಿ ಮೂರು ಮತಗಳಿವೆ. ಕೈಜಗ್ಗುವಾದಿಗಳ ಪ್ರಕಾರ ಮೇಲಿದ್ದವನು ಕೆಳಗಿದ್ದವನ ಮುಂಗೈ ಹಿಡಿದು ಎಳೆಯಬೇಕು. ಇದರಲ್ಲಿ ಮೊದಲು ಹತ್ತಿದವನು ಹೇಗೆ ಹತ್ತಿದ ಎಂಬ ಅನವಸ್ಥಾ ದೋಷವಿದೆ, ಜೊತೆಗೆ ಭುಜದ ಕೀಲು ತಪ್ಪುವ ದೋಷವೂ ಇದೆ. ಹುಕ್ಕುವಾದಿಗಳು ಎರಡು ಟ್ರೇಲರುಗಳ ನಡುವಿನ ಕೊಂಡಿಯ ಮೇಲೆ ಕಾಲಿಟ್ಟು ಏರುತ್ತಾರೆ. ಟ್ರ್ಯಾಕ್ಟರ್ ಒಂದು ಗೇಣು ಮಿಸುಕಿದರೆ ಈ ಮತದಲ್ಲಿ ಶಿಷ್ಯರು ಉಳಿಯುವುದಿಲ್ಲ. ಬಹುಸಂಖ್ಯಾತರು ಗಾಲಿವಾದಿಗಳು. ಅವರ ಮತ ಖಂಡನೆಯಾದದ್ದು ಒಂದು ವಾಕ್ಯಾರ್ಥ ಗೋಷ್ಠಿಯಲ್ಲಿ, ಜಾತ್ರೆಗೆ ಹೊರಟ ಟ್ರೇಲರಿನ ಬದಿಯಲ್ಲಿ:

“ಆಯಿ, ಗಾಲಿ ಮ್ಯಾಲ ಕಾಲಿಡು, ಅಂಚು ಹಿಡಕೊಂಡು ಮ್ಯಾಕ ಏಳು.”

“ಗಾಲಿ ಉಳ್ಳಿದ್ರ ಏನ್ ಮಾಡ್ಲೋ ತಮ್ಮಾ?”

“ಬ್ರೇಕ್ ಹಾಕೇನಿ ಬೇ.”

“ನೀ ಬ್ರೇಕ್ ಹಾಕಿದ್ದು ಟ್ರ್ಯಾಕ್ಟರಿಗೆ. ನಾ ಹತ್ತಾಕತ್ತಿದ್ದು ಟೇಲರ.”

ಇದರ ಮೇಲೆ ಭಾಷ್ಯ ಬರೆಯುವ ಅಗತ್ಯವಿಲ್ಲ. ಎಷ್ಟೋ ಟ್ರೇಲರುಗಳಿಗೆ ಸ್ವಂತ ಬ್ರೇಕೇ ಇರದು. ಟೈರು ದುಂಡಗಿದೆ, ಎರೆಮಣ್ಣು ಮೆತ್ತಿಕೊಂಡರೆ ಬೆಣ್ಣೆ ಸವರಿದಂತೆ ಜಾರುತ್ತದೆ.

ಇಲ್ಲೊಬ್ಬ ಪೂರ್ವಪಕ್ಷಿ ಎದ್ದು ಹೇಳುತ್ತಾನೆ: ಸರಕಿನ ಗಾಡಿಯಲ್ಲಿ ಜನರನ್ನು ಒಯ್ಯುವುದು ಕಾನೂನಿಗೆ ವಿರುದ್ಧ, ಹತ್ತಲೇಬಾರದವರಿಗೆ ಮೆಟ್ಟಿಲೇಕೆ? ಮಾತು ಸರಿ. ಯಲ್ಲಮ್ಮನ ಗುಡ್ಡಕ್ಕಾದರೂ ಚಿಂಚಲಿ ಮಾಯಕ್ಕನಿಗಾದರೂ ಬಸ್ಸಿನಲ್ಲಿ ಹೋಗುವುದೇ ನೆಟ್ಟಗೆ. ಆದರೆ ಕಬ್ಬು ತಾನಾಗಿ ಹತ್ತುತ್ತದೆಯೆ? ಕಡಿಯುವ ಗ್ಯಾಂಗಿನವರು, ಗಂಡಸರೂ ಹೆಂಗಸರೂ, ಹೊರೆಯನ್ನು ತಲೆಯ ಮೇಲಿಟ್ಟುಕೊಂಡು ಒರಗಿಸಿದ ಹಲಗೆಯ ಮೇಲೋ ನಿಚ್ಚಣಿಕೆಯ ಮೇಲೋ ಹತ್ತುತ್ತಾರೆ. ಬೆಳಗಿನ ಇಬ್ಬನಿಗೆ ಹಲಗೆ ತೊಯ್ದಿರುತ್ತದೆ, ಕೆಳಗೆ ಕಬ್ಬಿನ ರವದಿ. ಎರಡೂ ಕೈ ಹೊರೆಯ ಮೇಲೆ, ಹಿಡಿದುಕೊಳ್ಳಲು ಮೂರನೆಯ ಕೈ ಇಲ್ಲ. ಒಂದು ಲೋಡಿಗೆ ಎಷ್ಟು ಹೊರೆಯೋ ಅಷ್ಟು ಸಲ ಈ ಏರಿಕೆ ಇಳಿಕೆ. ಸೀಜನ್ನಿಗೆ ಮೊದಲೇ ಮುಂಗಡ ತೆಗೆದುಕೊಂಡವರು ನಡುವೆ ಕಾಲು ಮುರಿದುಕೊಂಡರೆ ಮುಂಗಡ ಉಳಿಯುತ್ತದೆ, ಕೂಲಿ ಉಳಿಯುವುದಿಲ್ಲ. ಕಾನೂನಿನ ಮಾತು ಆಡಿದ ಪೂರ್ವಪಕ್ಷಿ ಇವರ ವಿಷಯಕ್ಕೆ ಬಾಯಿ ಬಿಡಲಿ. ಶಾಸ್ತ್ರ ಕಾಯುತ್ತದೆ.

ಮೆಟ್ಟಿಲು ಏಕಿಲ್ಲ ಎಂಬುದೇ ಈ ಪ್ರಬಂಧದ ಮುಖ್ಯ ಪ್ರಶ್ನೆ. ಹಣವಿಲ್ಲವೆಂದೇ? ಟ್ರ್ಯಾಕ್ಟರಿಗೆ ಬಣ್ಣ ಬಣ್ಣದ ಲೈಟು, ಕಿವಿ ಗುಂಯ್‌ಗುಡಿಸುವ ಸೌಂಡ್ ಬಾಕ್ಸು, ಗೊಂಡೆ, ಸ್ಟಿಕ್ಕರು, ಎಲ್ಲಕ್ಕೂ ಹಣ ಹೊಂದುತ್ತದೆ. ತಂತ್ರ ಗೊತ್ತಿಲ್ಲವೆಂದೇ? ಲಾರಿಯ ಕ್ಯಾಬಿನ್ನಿಗೆ ಪಾವಟಿಗೆಯೂ ಹಿಡಿಕೆಯೂ ಕಂಪನಿಯಿಂದಲೇ ಬರುತ್ತವೆ, ಟ್ರ್ಯಾಕ್ಟರಿನ ಸೀಟಿಗೂ ಕಾಲಿಡಲು ಜಾಗವಿದೆ. ಅಂದರೆ ಚಾಲಕನಿಗೆ ಕಾಲಿದೆ ಎಂಬುದು ಕಂಪನಿಗೆ ಗೊತ್ತು. ಟ್ರೇಲರ್ ಬಹುಮಟ್ಟಿಗೆ ಊರ ವೆಲ್ಡಿಂಗ್ ಅಂಗಡಿಯಲ್ಲಿ ಆರ್ಡರ್ ಮೇಲೆ ತಯಾರಾಗುತ್ತದೆ. ಆರ್ಡರ್ ಕೊಡುವವನು ಮಾಲೀಕ. ಎಷ್ಟು ಟನ್ ಹಿಡಿಯಬೇಕು, ಯಾವ ಗಾಲಿ, ಯಾವ ಬಣ್ಣ, ಹಿಂದೆ ಏನು ಬರೆಯಬೇಕು ಎಂದು ಹೇಳುತ್ತಾನೆ. ಹತ್ತುವವರು ಆ ಹೊತ್ತಿಗೆ ಅಂಗಡಿಯಲ್ಲಿ ಇರುವುದಿಲ್ಲ. ಹೀಗೆ ‘ತಾಯಿಯ ಆಶೀರ್ವಾದ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡು ಟ್ರೇಲರ್ ಹೊರಬರುತ್ತದೆ. ಆ ತಾಯಿ ಅದನ್ನು ಹತ್ತಲಾರಳು.

ಅಮೆರಿಕದ ಪಂಡಿತರು ಇದನ್ನು ಇನ್ನೊಂದು ದಾರಿಯಿಂದ ಬಿಡಿಸಿದ್ದಾರೆ. ಅಲ್ಲಿ ಪಿಕಪ್ ಗಾಡಿಯನ್ನು ಶೋಕಿಗೆ ಮೇಲೆತ್ತಿಸುತ್ತಾರೆ. ಹತ್ತಲು ಆಗದಿದ್ದಾಗ ಬಾಗಿಲು ತೆಗೆದರೆ ತಾನಾಗಿ ಹೊರಚಾಚುವ ವಿದ್ಯುತ್ ಮೆಟ್ಟಿಲನ್ನು ಮತ್ತೆ ಹಣ ಕೊಟ್ಟು ಕೊಳ್ಳುತ್ತಾರೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ಮೂಲ ರಚನೆಯನ್ನು ಮನಬಂದಂತೆ ಬದಲಿಸಲು ಬಿಡದು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆದ್ದರಿಂದ ಎತ್ತರಿಸುವ ಚಟ ನಮಗೆ ಬೇಡ. ಹೊಸ ಟ್ರೇಲರ್ ಮಾಡಿಸುವಾಗಲೇ ಮೆಟ್ಟಿಲನ್ನೂ ಸೇರಿಸಿ ಹೇಳಿದರೆ ಸಾಕು.

ಸಿದ್ಧಾಂತ ಹೀಗಿದೆ. ಮೆಟ್ಟಿಲು ಗಾಲಿಯಿಂದ ದೂರ, ಟ್ರೇಲರಿನ ಹಿಂದಿನ ಮೂಲೆಯಲ್ಲಿ ಇರತಕ್ಕದ್ದು. ಮೊದಲನೆಯದು ನೆಲದಿಂದ ಒಂದೂವರೆ ಅಡಿ ಮೀರಬಾರದು, ಮುಂದಿನವು ಒಂದೊಂದು ಅಡಿಗೆ. ಇಷ್ಟು ತಗ್ಗಿದರೆ ಹೊಲದ ಬದುವಿಗೆ ತಾಗಿ ಮುರಿಯುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಕೆಳಗಿನ ಮೆಟ್ಟಿಲನ್ನು ಕೀಲಿನಿಂದ ಮಡಚುವಂತೆ ಮಾಡಬೇಕು. ಸರಪಳಿಗೆ ತೂಗುಬಿಟ್ಟದ್ದು ಕಾಲಿಟ್ಟೊಡನೆ ಒಳಕ್ಕೆ ಸರಿಯುತ್ತದೆ, ಅದು ಬೇಡ. ನುಣುಪಾದ ಪೈಪು ಸಲ್ಲದು. ಗೀರುಳ್ಳ ತಗಡು ಅಥವಾ ಮನೆ ಕಟ್ಟುವ ತಿರುವಿನ ಸರಳು, ಎರಡೂ ಪಾದ ಒಟ್ಟಿಗೆ ನಿಲ್ಲುವಷ್ಟು ಅಗಲ. ಮೇಲೆ ಕೈಗೆ ಸಿಗುವಂತೆ ಗಟ್ಟಿ ಹಿಡಿಕೆ. ಎರಡು ಕೈ ಎರಡು ಕಾಲುಗಳಲ್ಲಿ ಯಾವಾಗಲೂ ಮೂರು ಗಾಡಿಗೆ ಅಂಟಿರಬೇಕು, ಒಂದೇ ಚಲಿಸಬೇಕು. ಇದು ಜಗತ್ತಿನಾದ್ಯಂತ ಲಾರಿಯವರಿಗೆ ಕಲಿಸುವ ಸೂತ್ರ. ಹೊರೆ ಹೊತ್ತವರಿಗೆ ಇದು ನಡೆಯದು, ಅವರಿಗೆ ಅಡ್ಡಪಟ್ಟಿ ಬಡಿದ, ಜಾರದಂತೆ ಮೇಲೆ ಕೊಕ್ಕೆ ಹಾಕಿದ, ಒಂದು ಬದಿಗಾದರೂ ಕಟಕಟೆಯಿರುವ ಅಗಲ ಹಲಗೆ ಬೇಕು. ಇಳಿಯುವಾಗ ಮುಖ ಗಾಡಿಯ ಕಡೆಗಿರಲಿ, ಮೇಲಿಂದ ಜಿಗಿಯುವ ಶೌರ್ಯ ಬೇಡ. ಬೆರಳಿನ ಉಂಗುರ ಕೊಕ್ಕೆಗೆ ಸಿಕ್ಕಿ ಬೆರಳೇ ಹೋಗುವುದುಂಟು, ತೆಗೆದಿಡಿ.

ಸರ್ಕಾರ ಮಾಡಲೆಂದು ಕಾಯುವವರಿಗೆ ಒಂದು ಮಾತು. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ದುಡ್ಡು ಹಾಕಿ, ತಾವೇ ದುಡಿದು, ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜನ್ನೇ ಕಟ್ಟಿದರು. ಅವರ ಮುಂದಾಳು ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಆದದ್ದು ಆ ಕೆಲಸದಿಂದ. ನದಿಗೆ ಅಡ್ಡ ಗೋಡೆ ಹಾಕಿದವರ ಊರಿನಲ್ಲಿ ಟ್ರೇಲರಿಗೆ ಎರಡು ಸರಳು ಬೆಸೆಯಲು ಯೋಜನಾ ವರದಿ ಬೇಕಿಲ್ಲ.

ಮಾಲೀಕರೇ, ಖಂಡೆಪೂಜೆಗೆ ಗಾಡಿ ತೊಳೆದು ಹೂವೇರಿಸುವ ಮುನ್ನ ವೆಲ್ಡಿಂಗ್ ಅಂಗಡಿಗೆ ಒಂದು ಸಲ ಒಯ್ಯಿರಿ. ಅಳತೆ ಕೊಡಲು ಮನೆಯ ಆಯಿಯನ್ನೋ ಗ್ಯಾಂಗಿನ ಒಬ್ಬ ಹೆಣ್ಣುಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ.