ಕೋಪಕ್ಕೂ ದೀಕ್ಷಾಸ್ನಾನ

ಚರ್ಚೆಗೆ ಕೂತ ಕ್ರೈಸ್ತನಿಗೆ ಕೋಪ ಬರುವುದೇ ಇಲ್ಲ. ಕೋಪ ಏನಿದ್ದರೂ ಎದುರು ಕುರ್ಚಿಯವನಿಗೆ. ತನ್ನದಕ್ಕೆ ದೀಕ್ಷಾಸ್ನಾನ ಮಾಡಿಸಿ ‘ಸತ್ಯಕ್ಕಾಗಿ ಹೋರಾಟ’ ಎಂದು ನಾಮಕರಣ ಮಾಡಿದರೆ ಮುಗಿಯಿತು. ಆಮೇಲೆ ಎಷ್ಟು ಕಿರುಚಿದರೂ ಪುಣ್ಯವೇ.

ಹೊತ್ತು ಮುಳುಗುವುದರೊಳಗೆ ಸಿಟ್ಟು ಇಳಿಸಿಕೊಳ್ಳಿ ಎಂಬ ಬುದ್ಧಿಮಾತು ಇರುವುದು ಬೈಬಲಿನಲ್ಲಿ, ಎಫೆಸದವರಿಗೆ ಹೋದ ಪತ್ರಿಕೆಯಲ್ಲಿ. ಅದೇ ಎಫೆಸದಲ್ಲಿ 449ರಲ್ಲಿ ಬಿಷಪರು ಸಭೆ ಸೇರಿದರು. ಕ್ರಿಸ್ತನ ಸ್ವಭಾವ ಒಂದೋ ಎರಡೋ ಎಂಬುದು ಜಗಳ. ಅದು ಇತ್ಯರ್ಥವಾಗುವ ಮೊದಲು ಬಿಷಪರ ಸ್ವಭಾವ ಲೋಕಕ್ಕೆಲ್ಲ ಗೊತ್ತಾಯಿತು. ಸೈನಿಕರೂ ಸನ್ಯಾಸಿಗಳೂ ಒಳನುಗ್ಗಿದರು. ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ಫ್ಲೇವಿಯನ್ ಪದವಿ ಕಳೆದುಕೊಂಡು, ಗಡೀಪಾರಾಗಿ, ಸ್ವಲ್ಪದರಲ್ಲೇ ತೀರಿಕೊಂಡರು. ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡರೆಂದು ಕೆಲವು ಬಿಷಪರು 451ರಲ್ಲಿ ಖಾಲ್ಸೆಡನ್ ಸಭೆಯಲ್ಲಿ ಗೋಳಾಡಿದರು. ಪೋಪ್ ಲಿಯೋ ಎಫೆಸದ ಆ ಸಭೆಯನ್ನು ದರೋಡೆಕೋರರ ಕೂಟವೆಂದು ಜರೆದರು. ಸೂರ್ಯನೊಬ್ಬ ಮಾತ್ರ ಹೇಳಿದ ಹೊತ್ತಿಗೆ ಮುಳುಗಿದ.

ಕೋಪಿಸಿಕೊಳ್ಳಲು ಅವಸರ ಬೇಡ ಎಂದವನು ಹೊಸ ಒಡಂಬಡಿಕೆಯ ಯಾಕೋಬ. ಅವನ ಪತ್ರಿಕೆಯನ್ನು ಮಾರ್ಟಿನ್ ಲೂಥರ್ 1522ರ ಮುನ್ನುಡಿಯಲ್ಲಿ ‘ಹುಲ್ಲಿನ ಪತ್ರಿಕೆ’ ಎಂದುಬಿಟ್ಟರು. ಕಾರಣ ಬೇರೆಯದೇ, ಆದರೆ ಅನುಕೂಲ ಕೋಪಕ್ಕೂ ಆಯಿತು. 1529ರಲ್ಲಿ ಮಾರ್ಬರ್ಗ್ ಕೋಟೆಯಲ್ಲಿ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ರಾಜಿಗೆ ಕೂತರು. ಹದಿನೈದು ಅಂಶಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿಗೆ ಸಿಕ್ಕಿತು. ಉಳಿದದ್ದು ಕರ್ತನ ಭೋಜನ: ರೊಟ್ಟಿಯಲ್ಲಿ ಕ್ರಿಸ್ತನ ದೇಹ ನಿಜವಾಗಿ ಇದೆಯೋ, ಅದು ಬರೀ ಸಂಕೇತವೋ? ಲೂಥರ್ ವಾದಕ್ಕೆ ಮೊದಲೇ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ತೀರ್ಪು ಗೀಚಿಟ್ಟುಕೊಂಡಿದ್ದರು. ಕೊನೆಗೆ ಜ್ವಿಂಗ್ಲಿಯನ್ನು ಸಹೋದರ ಎನ್ನಲೂ ಒಲ್ಲೆ ಎಂದರು. ಒಟ್ಟಿಗೆ ಉಣ್ಣಿರೆಂದು ಕೊಟ್ಟ ಊಟಕ್ಕೇ ಪಂಕ್ತಿಭೇದ!

ನಮ್ಮ ಚರ್ಚ್ ಕಮಿಟಿಗಳಿಗೆ ಅಷ್ಟು ದೊಡ್ಡ ವಿಷಯ ಬೇಕಿಲ್ಲ. ಶಾಮಿಯಾನದ ಬಿಲ್ಲು ಸಾಕು. ಪ್ರಾರ್ಥನೆಯೊಂದಿಗೆ ಆರಂಭ, ಮೈಕ್ ಕಿತ್ತಾಟದೊಂದಿಗೆ ಮುಕ್ತಾಯ. ಯಾರಾದರೂ ಸಮಾಧಾನ ಹೇಳಹೋದರೆ ಉತ್ತರ ಸಿದ್ಧ: “ಯೇಸುಸ್ವಾಮಿಯೇ ದೇವಾಲಯದಲ್ಲಿ ಕೊರಡೆ ಹಿಡಿಯಲಿಲ್ಲವೇ?”

ಹಿಡಿದರು. ದೇವರ ಮನೆಯನ್ನು ಅಂಗಡಿ ಮಾಡಿಕೊಂಡವರ ಮೇಲೆ. ಆದರೆ ಮಹಾಯಾಜಕನ ವಿಚಾರಣೆಯಲ್ಲಿ ಆಡಿದ ಮಾತಿಗೆ ಏಟು ಬಿದ್ದಾಗ ಅವರು ಕೇಳಿದ್ದು ಇಷ್ಟೇ: ನನ್ನ ಮಾತಿನಲ್ಲಿ ತಪ್ಪೇನಿದೆ, ತೋರಿಸು. ಈ ಪ್ರಸಂಗ ಮಾತ್ರ ಯಾವ ಕಮಿಟಿಗೂ ನೆನಪಾಗುವುದಿಲ್ಲ. ಕೊರಡೆ ಬೀಸುವುದು ಸುಲಭ. ತಪ್ಪೇನೆಂದು ಕೇಳಿದರೆ ಅಪಾಯ. ಎದುರಿನವನು ತೋರಿಸಿಯೇ ಬಿಟ್ಟರೆ?